ಬಚ್ಚಲುಮನೆಯ ಬಸುರಿ

ಮೂಲೆಯಲ್ಲಿ ಬಲೆ ಕಟ್ಟಿಕೊಂಡು ತೆಪ್ಪಗಿರುವ ಜೇಡದ ಬಗ್ಗೆ ಯಾರಿಗೂ ತಕರಾರಿಲ್ಲ; ಹಬ್ಬಕ್ಕೆ ಧೂಳು ಹೊಡೆಯುವವರೆಗೆ ಅದಕ್ಕೆ ವಾಯಿದೆ ಇದ್ದೇ ಇದೆ. ರಗಳೆಯೆಲ್ಲ ಬಚ್ಚಲುಮನೆ ಗೋಡೆಗೆ ಅಂಗೈಯಗಲ ಕಾಲು ಚಾಚಿ ಅಂಟಿಕೊಳ್ಳುವ ಆ ದೊಡ್ಡ ಜೇಡದ್ದು. ಬಲೆಗಿಲೆ ಹೆಣೆಯುವ ಉಸಾಬರಿ ಅದಕ್ಕಿಲ್ಲ. ಹಗಲು ಕನ್ನಡಿಯ ಹಿಂದೆ ನಿದ್ದೆ, ರಾತ್ರಿ ಜಿರಲೆ ಬೇಟೆ. ಚಪ್ಪಟೆ ಮೈ, ಯಾವ ಸಂದಿಯಾದರೂ ಸೈ.

ಹೊಡೆಯಬೇಕೋ ಬಿಡಬೇಕೋ ಎಂದು ಮನೆಯಲ್ಲಿ ಪಂಚಾಯ್ತಿ ಸೇರಿತು.

"ಹೊಡೀಬೇಡ್ವೋ, ಶ್ರೀಕಾಳಹಸ್ತಿಯಲ್ಲಿ ಶಿವನ್ನ ಪೂಜಿಸಿ ಮೋಕ್ಷ ಪಡೆದ ಕುಲ ಅದು" ಅಂದರು ಅಮ್ಮ.

"ಹಾಗಾದ್ರೆ ಅಲ್ಲಿಗೇ ಬಸ್ ಹತ್ತಿಸೋಣ ಅತ್ತೆ. ಮೈಮೇಲೆ ಹರಿದ್ರೆ ಗುಳ್ಳೆ ಏಳತ್ತೆ" ಅಂದಳು ಹೆಂಡತಿ.

ಗುಳ್ಳೆ ಎದ್ದರೆ ಸಾಕು, ತಪ್ಪು ಯಾರದೇ ಇರಲಿ, ನಮ್ಮಲ್ಲಿ ಹೆಸರು ಕೆಡುವುದು ಜೇಡದ್ದೇ. "ಪಾಪ, ಇರಲಿ ಬಿಡಿ" ಎಂದ ಮಗಳು ಸ್ನಾನಕ್ಕೆ ಮಾತ್ರ ಪಕ್ಕದ ಚಿಕ್ಕಮ್ಮನ ಮನೆಗೆ ಹೊರಟಳು.

ಕೊನೆಗೆ ಖಾಲಿ ಡಬ್ಬ, ಹಳೇ ಮದುವೆ ಕಾಗದ ಹಿಡಿದು ನಾನೇ ಹೋದೆ. ಹತ್ತಿರದಿಂದ ನೋಡಿದರೆ ಹೊಟ್ಟೆಯಡಿ ನಾಣ್ಯದಂಥ ಬಿಳೀ ಬಿಲ್ಲೆ: ಮೊಟ್ಟೆಯ ಚೀಲ!

"ಬಾಣಂತನಕ್ಕೆ ಬಂದವಳನ್ನ ಆಚೆ ಹಾಕ್ತೀಯೇನೋ?" ಅಮ್ಮನ ಗಂಟಲು ತುಂಬಿ ಬಂತು.

ಮಗಳು ಮೊಬೈಲು ನೋಡಿ, "ಅಜ್ಜಿ, ಒಂದೇ ಚೀಲದಲ್ಲಿ ನೂರಕ್ಕೂ ಜಾಸ್ತಿ ಮರಿ ಇರತ್ತಂತೆ" ಎಂದಳು.

ಅಮ್ಮ ಒಂದು ಗಳಿಗೆ ಯೋಚಿಸಿದರು. "ಮಲ್ಲಿಗೆ ಬಳ್ಳಿ ಹತ್ರ ಬಿಟ್ಬಾ. ತವರುಮನೆ ಅಂದ್ಕೊಳ್ಳಲಿ."