ಕೂರ್ಮಾಲಯದ ಅಭಿಯಂತರರು

ಜೀವಮಾನವಿಡೀ ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ, ರಸ್ತೆ, ಪ್ರವಾಸಿಮಂದಿರಗಳ ಅಂದಾಜುಪಟ್ಟಿಗಳನ್ನು ರಚಿಸಿ, ವಯೋನಿವೃತ್ತಿಯ ಮರುದಿನವೂ ಅಭ್ಯಾಸಬಲದಿಂದ ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಿಗೆ ಬಂದು, ಹೋಗಲು ಕಚೇರಿಯೇ ಇಲ್ಲವೆಂಬುದನ್ನು ಅಲ್ಲಿ ನಿಂತು ನೆನೆಸಿಕೊಂಡ ಅಭಿಯಂತರರು ಬಸವನಗುಡಿ, ಜಯನಗರಗಳಲ್ಲಿ ಬೀದಿಗೊಬ್ಬರಂತೆ ಇದ್ದೇ ಇರುವರು. ಇವರಲ್ಲಿ ಕೆಲವರು ಗುಲಾಬಿಗಿಡಗಳನ್ನು ಹಿಡಿಯುವರು. ಕೆಲವರು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವನ್ನು ಹಿಡಿಯುವರು. ನಮ್ಮ ಬೀದಿಯ ರಾಯರು ಹಿಡಿದುದು ಆಮೆಯನ್ನು.

ಮೊಮ್ಮಗನ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ, ಕಣ್ಣಿನ ಹಿಂದೆ ಕುಂಕುಮದ ಗೀಟೆಳೆದಂತಿದ್ದ ಆ ಹಸುರು ಮರಿಯ ಸಂಗಡ ಅಂಗಡಿಯವನು ಒಂದು ಪ್ಲಾಸ್ಟಿಕ್ ತಟ್ಟೆಯನ್ನೂ, ಅದರ ನಡುವೆ ಪ್ಲಾಸ್ಟಿಕ್ಕಿನದೇ ಒಂದು ತೆಂಗಿನ ಮರವನ್ನೂ ದಯಪಾಲಿಸಿ, "ಇಷ್ಟೇ ಇರತ್ತೆ, ಬೆಳೆಯಲ್ಲ" ಎಂದಿದ್ದನಂತೆ. ಕೆಂಪುಕಿವಿಯ ಈ ಆಮೆಯ ಮೂಲಸ್ಥಾನ ಅಮೆರಿಕದ ಮಿಸಿಸಿಪ್ಪಿ ನದೀಪ್ರಾಂತವೆಂದೂ, ಹೆಣ್ಣಾದರೆ ಅಡಿಯುದ್ದಕ್ಕೆ ಸಮೀಪಿಸುವುದೆಂದೂ, ಸರಿಯಾಗಿ ಸಾಕಿದರೆ 30 ವರ್ಷ ಬಾಳುವುದೆಂದೂ ಓದಿ ತಿಳಿದ ರಾಯರ ಮುಖದಲ್ಲಿ, ಗುತ್ತಿಗೆದಾರನ ಲೆಕ್ಕದಲ್ಲಿ ತಪ್ಪು ಕಂಡಾಗಿನ ಹಳೆಯ ತೇಜಸ್ಸು ಮರಳಿ ಮೂಡಿತು. ನಮ್ಮ ನಾಡಿನ ನಕ್ಷತ್ರ ಆಮೆಯನ್ನೇ ಸಾಕಬಾರದಿತ್ತೇ ಎಂದು ಕೇಳಿದ ನೆರೆಯವರೊಬ್ಬರಿಗೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇಲೆ ಉಪನ್ಯಾಸವಾಯಿತು. ಪಾಪ, ಅವರು ಹಾಲಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು.

ಅನಂತರ ನಿರ್ಮಾಣಪರ್ವ. ಚಿಪ್ಪಿನ ಒಂದೊಂದು ಅಂಗುಲಕ್ಕೂ ಸುಮಾರು 40 ಲೀಟರು ನೀರೆಂಬ ಸೂತ್ರವನ್ನು ಹಿಡಿದು, ಇಂದಿನ ಆಮೆಗಲ್ಲದೆ ಭವಿಷ್ಯತ್ತಿನ ಆಮೆಗಾಗಿಯೇ ಗಾಜಿನ ತೊಟ್ಟಿ ಕಟ್ಟಲ್ಪಟ್ಟಿತು. ಮೈ ಪೂರ್ತಿ ಒಣಗಿಸಿಕೊಳ್ಳಲು ನೀರಿನಿಂದ ಮೇಲೆದ್ದ ಜಗಲಿ, ಅದಕ್ಕೆ ಜಾರದಂತೆ ಒರಟಾಗಿಸಿದ ಏರುದಾರಿ. ದೇವರಮನೆಯ ಹಿತ್ತಾಳೆಯ ತಂಬಿಗೆಯನ್ನಿಟ್ಟು ಜಗಲಿಯ ಭಾರಪರೀಕ್ಷೆಯೂ ಸಾಂಗವಾಗಿ ನೆರವೇರಿತು. ಜಗಲಿಯ ಮೇಲೆ 32 ಡಿಗ್ರಿಯ ಶಾಖಕ್ಕೊಂದು ದೀಪ, ನೇರಳಾತೀತ ಕಿರಣಕ್ಕೆ ಇನ್ನೊಂದು. ಕಿಟಕಿಯ ಬಿಸಿಲು ಸಾಲದೇ ಎಂದರೆ, ಚಿಪ್ಪು ಗಟ್ಟಿಯಾಗಲು ಬೇಕಾದ ಆ ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುವುದೆಂದು ಉತ್ತರ ಸಿದ್ಧವಾಗಿತ್ತು. ಸುಣ್ಣದಂಶಕ್ಕಾಗಿ ಗ್ರಂಧಿಗೆ ಅಂಗಡಿಯಿಂದ ಸಮುದ್ರಫೇನ ಬಂದಿತು. ನೀರಿನ ಉಷ್ಣಾಂಶವನ್ನು ಪ್ರಾತಃಸಾಯಂಕಾಲ ಬರೆದಿಡಲು ರೂಲು ಹಾಕಿದ ದಪ್ಪ ಪುಸ್ತಕವೂ ಬಂದಿತು. ಅದರಲ್ಲಿ 'ಷರಾ' ಎಂಬ ಅಂಕಣವೂ ಉಂಟು.

"ಆಮೆಗೆ ಇಪ್ಪತ್ತಾರು ಡಿಗ್ರಿ ನೀರು. ಗೀಸರು ಕೆಟ್ಟು ದಸರೆಯಿಂದ ನಾನು ಒಲೆ ಮೇಲೆ ಕಾಯಿಸ್ಕೋತಿದೀನಿ" ಎಂದು ರಾಯರ ಶ್ರೀಮತಿಯವರು ಒಳಗಿನಿಂದ ಹೇಳಿದುದು ಷರಾ ಅಂಕಣದಲ್ಲಿ ದಾಖಲಾಗಲಿಲ್ಲ.

ಮನೆಗೆ ಬಂದವರನ್ನು ಕಾಫಿಗೆ ಮೊದಲು ತೊಟ್ಟಿಯ ದರ್ಶನಕ್ಕೆ ಕರೆದೊಯ್ಯುವುದು ಪದ್ಧತಿಯಾಯಿತು. ಆಮೆಯನ್ನು ಮುಟ್ಟಿ ಬಂದ ಅತಿಥಿ ಕೋಡುಬಳೆಯನ್ನು ಬಾಯಿಯ ಸಮೀಪಕ್ಕೆ ತಂದ ಸುಮುಹೂರ್ತದಲ್ಲಿ ರಾಯರು, ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದೆಂದೂ, ಆ ಕಾರಣದಿಂದಲೇ 1975ರಲ್ಲಿ ಅಮೆರಿಕದ ಸರ್ಕಾರವು ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತೆಂದೂ ಸಾವಧಾನವಾಗಿ ಅರುಹಿ, ಸಾಬೂನಿನ ದಿಕ್ಕನ್ನು ತೋರಿಸುವರು.

ಬೆಳೆದ ಆಮೆಯನ್ನು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆನ್ನುವವರ ಮೇಲೆ ಅವರಿಗೆ ಕೆಂಡದಂಥ ಕೋಪ. ಈ ಪರದೇಶಿ ಹೊಟ್ಟೆಬಾಕವು ನಮ್ಮ ಆಮೆಗಳ ಬಿಸಿಲಿನ ಬಂಡೆಯನ್ನೂ ಆಹಾರವನ್ನೂ ಕಸಿದುಕೊಳ್ಳುವುದೆಂಬ ಅವರ ಮಾತು ನ್ಯಾಯವಾದುದೇ. ಆದರೆ ಕೆರೆಗೆ ಬಿಡಬಾರದು, ತಮಗೋ ಎಪ್ಪತ್ತು ಸಮೀಪಿಸಿತು, ಆಮೆಗಿನ್ನೂ ಬಾಲ್ಯ. ಆದಕಾರಣ ವಕೀಲರನ್ನು ಕರೆಸಿ, ಕೂರ್ಮಪಾಲನೆಯ ಹೊಣೆಯನ್ನು ಉಯಿಲಿನಲ್ಲಿ ಸೇರಿಸುವ ಪ್ರಸ್ತಾಪವೆತ್ತಿದರು. ಅಮೆರಿಕದಲ್ಲಿರುವ ಮಗನು ದೂರವಾಣಿಯಲ್ಲಿ, ಅಂಥವು ತನ್ನ ಮನೆಯ ಹಿಂದಿನ ಕೊಳದಲ್ಲೇ ಬೇಕಾದಷ್ಟಿವೆಯೆಂದುಬಿಟ್ಟನು.

"ಮನೆ ಯಾರಿಗಾದ್ರೂ ಬರೀರಿ" ಎಂದರು ಶ್ರೀಮತಿಯವರು, ವಕೀಲರ ಮುಂದೆ ಕಾಫಿಯ ಲೋಟವನ್ನಿಡುತ್ತ. "ತೊಟ್ಟಿ ತೊಳೆಯೋರ ಹೆಸರು ಮಾತ್ರ ಮೊದಲು ಬರೆದು, ಅವರ ರುಜು ತಗೊಂಡ್ಬಿಡಿ."