ಬಾಬಿನ್ ಮೀಮಾಂಸೆ: ಪೂರ್ವಪಕ್ಷ, ಸಿದ್ಧಾಂತ ಮತ್ತು ಮೇಣ

ಯಾವ ಶಾಸ್ತ್ರಕ್ಕೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಕೃತ ಗ್ರಂಥದ ವಿಷಯ, ಟ್ರೌಟ್ ಮೀನನ್ನು ಮರುಳು ಮಾಡಲು ಗಾಳದ ಕೊಕ್ಕೆಗೆ ಗರಿ, ಉಣ್ಣೆ, ಕೂದಲು ಸುತ್ತಿ ಕೃತಕ ನೊಣ ಕಟ್ಟುವವರು ದಾರ ಹಿಡಿಯಲು ಬಳಸುವ ಬಾಬಿನ್. ಪ್ರಯೋಜನ, ನೊಣ. ನೊಣದ ಪ್ರಯೋಜನ ಮೀನು. ಹಿಡಿದ ಮೀನನ್ನು ಈ ಪಂಥದವರು ಬಹುಮಟ್ಟಿಗೆ ನೀರಿಗೇ ಬಿಟ್ಟುಬಿಡುವುದರಿಂದ ಪ್ರಯೋಜನದ ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ಸಂಬಂಧ: ಬಾಬಿನ್ನಿಗೂ ನೊಣಕ್ಕೂ ನಡುವೆ ಇರುವುದು ಒಂದು ದಾರ, ಅದು ಪದೇ ಪದೇ ಕಡಿಯುತ್ತದೆ. ಇನ್ನು ಅಧಿಕಾರಿ. ಚುರುಕು ಕಣ್ಣು, ನಡುಗದ ಬೆರಳು, ಊಟದ ಮೇಜಿನ ತುಂಬ ಹುಂಜದ ಗರಿ ಹರಡಿದರೂ ತುಟಿ ಬಿಚ್ಚದ ಮನೆಮಂದಿ, ಈ ಮೂರೂ ಉಳ್ಳವರಿಗೆ ಮಾತ್ರ ಈ ವಿದ್ಯೆಯಲ್ಲಿ ಅಧಿಕಾರ. ಮೂರನೆಯದು ಇಲ್ಲದವರು ಅಡುಗೆಮನೆಯ ಕಟ್ಟೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಅಭ್ಯಾಸ ಮಾಡತಕ್ಕದ್ದು.

ಲಕ್ಷಣ ಹೇಳುವುದು ಸುಲಭ. ಉಕ್ಕಿನ ತಂತಿಯ ಎರಡು ಕಾಲು, ಕಾಲುಗಳ ತುದಿಯಲ್ಲಿ ದಾರದ ರೀಲಿನ ತೂತಿಗೆ ಎರಡೂ ಕಡೆಯಿಂದ ಕೂರುವ ಗುಂಡು, ಕಾಲುಗಳು ಸೇರುವಲ್ಲಿ ಒಂದು ಸಣ್ಣ ಕೊಳವೆ. ರೀಲಿನಿಂದ ಹೊರಟ ದಾರ ಕೊಳವೆಯೊಳಗೆ ಹಾದು ಕೊಕ್ಕೆಗೆ ಹೋಗುತ್ತದೆ. ಕೈಬಿಟ್ಟರೆ ಬಾಬಿನ್ ದಾರಕ್ಕೆ ಜೋತುಬಿದ್ದು, ತನ್ನ ತೂಕದಿಂದಲೇ ಸುತ್ತು ಸಡಿಲವಾಗದಂತೆ ನೋಡಿಕೊಂಡು, ಕಟ್ಟುವವರ ಎರಡೂ ಕೈಗೆ ಬಿಡುವು ಕೊಡುತ್ತದೆ. ಇಷ್ಟು ಚಿಕ್ಕದಾಗಿ ಹೇಳಿ ಮುಗಿಸಬಹುದಾದ್ದರಿಂದಲೇ ಈ ಗ್ರಂಥ ಅಗತ್ಯವಾಯಿತು.

ಈಗ ಪ್ರಾಚೀನತೆ. ಕ್ರಿ.ಶ. 200ರ ಆಸುಪಾಸಿನಲ್ಲಿ ರೋಮಿನ ಈಲಿಯನ್ ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ, ಮ್ಯಾಸಿಡೋನಿಯದ ಆಸ್ಟ್ರೇಯಸ್ ನದಿಯ ಮೀನುಗಾರರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳ ಬಳಿಯ ಎರಡು ಗರಿ ಸೇರಿಸಿ, ಚುಕ್ಕೆ ಮೀನು ಹಿಡಿಯುವುದನ್ನು ವರ್ಣಿಸಿದ್ದಾನೆ. ಗಾಳದ ಕೋಲು ಆರು ಅಡಿ ಎಂಬುದನ್ನೂ ಬಿಟ್ಟಿಲ್ಲ. ಬಾಬಿನ್ ಬಗ್ಗೆ ಮಾತ್ರ ಚಕಾರವಿಲ್ಲ. ಬಾಬಿನ್ ಅನಾದಿ ಎನ್ನುವವರು ಈ ಮೌನವನ್ನೇ ಪ್ರಮಾಣವಾಗಿ ಎತ್ತಿ ಹಿಡಿಯುತ್ತಾರೆ: ಮನೆಮನೆಯಲ್ಲೂ ಇದ್ದದ್ದನ್ನು ಯಾರಾದರೂ ಬರೆಯುತ್ತಾರೆಯೇ? ಇದೇ ತರ್ಕದಿಂದ ಮ್ಯಾಸಿಡೋನಿಯದಲ್ಲಿ ಪ್ರೆಷರ್ ಕುಕ್ಕರ್ ಇತ್ತೆಂದೂ ಸಾಧಿಸಬಹುದಾದ್ದರಿಂದ ಈ ಪಕ್ಷ ತ್ಯಾಜ್ಯ. 1496ರಲ್ಲಿ ವಿಂಕಿನ್ ಡಿ ವರ್ಡ್ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿದ ಗಾಳದ ಗ್ರಂಥದಲ್ಲಿ ಹನ್ನೆರಡು ನೊಣಗಳ ವಿವರವಿದೆ. ಬರೆದವಳು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂದು ಪ್ರತೀತಿ, ಹೌದೋ ಅಲ್ಲವೋ ಎಂದು ವಿದ್ವಾಂಸರ ಜಗಳ. ಅಲ್ಲೂ ಬಾಬಿನ್ ಇಲ್ಲ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕಕ್ಕೆ 1676ರಲ್ಲಿ ಎರಡನೆಯ ಭಾಗ ಸೇರಿಸಿದ ಚಾರ್ಲ್ಸ್ ಕಾಟನ್, ನೊಣ ಕಟ್ಟುವುದನ್ನು ಹಂತಹಂತವಾಗಿ ಹೇಳಿಕೊಟ್ಟ. ಕೊಕ್ಕೆ ಬೆರಳಲ್ಲಿ, ಮೇಣ ತೀಡಿದ ರೇಷ್ಮೆ ಎಳೆಯೂ ಬೆರಳಲ್ಲಿ. ಬಾಬಿನ್ ಇಲ್ಲದೆಯೇ ಇಷ್ಟು ಶತಮಾನ ಮೀನು ಸಿಕ್ಕಿತೆಂಬ ಈ ಸಂಗತಿಯನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಕೊಳವೆ ಯಾವ ದ್ರವ್ಯದ್ದಾಗಿರಬೇಕು ಎಂಬಲ್ಲಿ ಮೂರು ಮತಗಳುಂಟು. ಉಕ್ಕುವಾದಿಗಳ ಪ್ರಕಾರ ಲೋಹವೇ ಸತ್ಯ: ಬೆಲೆ ಕಡಿಮೆ, ಬಿದ್ದರೂ ಒಡೆಯದು. ಸ್ಯಾನ್ ಫ್ರಾನ್ಸಿಸ್ಕೋದ ಫ್ರಾಂಕ್ ಮಟರೆಲಿ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿದ ಬಾಬಿನ್ ಸಿಕ್ಕರೆ ಅದನ್ನು ಸಾಲಿಗ್ರಾಮದ ಹಾಗೆ ಡಬ್ಬಿಯಲ್ಲಿ ಬಟ್ಟೆ ಸುತ್ತಿಟ್ಟುಕೊಳ್ಳುತ್ತಾರೆ. ಪಿಂಗಾಣಿವಾದಿಗಳ ಆಕ್ಷೇಪ: ಲೋಹದ ಕೊಳವೆಯ ಬಾಯಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳೊಂದು ಉಳಿದಿದ್ದರೂ ದಾರ ಅಲ್ಲೇ ಹರಿಯುತ್ತದೆ, ಪಿಂಗಾಣಿಯಾದರೋ ಗಟ್ಟಿ, ನುಣುಪು, ಸವೆಯದು. ಉಕ್ಕುವಾದಿಗಳ ಉತ್ತರ: ಒಮ್ಮೆ ಮೇಜಿನಿಂದ ಕೆಳಗೆ ಬೀಳಿಸಿ ನೋಡೋಣ. ಬಿದ್ದ ಪಿಂಗಾಣಿಯ ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದರೂ ಅದು ಬ್ಲೇಡೇ. ಈ ವ್ಯಾಜ್ಯ ತೀರಿಸಲು ಬಂದ ಮಾಣಿಕ್ಯವಾದಿಗಳು ಕೊಳವೆಯ ತುದಿಗೆ ಕೃತಕ ಮಾಣಿಕ್ಯ ಕೂರಿಸಿದರು. ದಾರ ಹರಿಯುವುದು ನಿಂತಿತು. ಬೆಲೆ ಕೇಳಿದವರ ಮಾತೂ ನಿಂತಿತು. ಮತಾಭಿಮಾನವಿಲ್ಲದವರಿಗೆ ಪ್ರತ್ಯಕ್ಷ ಪ್ರಮಾಣ ಒಂದಿದೆ: ಹಳೆಯ ನೈಲಾನ್ ಕಾಲುಚೀಲದ ಚೂರನ್ನು ಕೊಳವೆಯ ಬಾಯಿಗೆ ಉಜ್ಜುವುದು. ಎಳೆ ಸಿಕ್ಕಿಕೊಂಡರೆ ಬಾಬಿನ್ ಅಸಾಧು, ಅದು ಯಾವ ಮತದ್ದೇ ಇರಲಿ.

ದಾರದ ಗಣಿತಕ್ಕೆ ಬಂದರೆ ಪಂಡಿತರೂ ಬೆವರುತ್ತಾರೆ. ಹಳೆಯ ಪದ್ಧತಿಯಲ್ಲಿ ಸೊನ್ನೆ ಹೆಚ್ಚಿದಷ್ಟೂ ದಾರ ತೆಳು: 6/0 ಎಂದರೆ ಆರು ಸೊನ್ನೆ, 8/0 ಎಂದರೆ ಎಂಟು. ಸೊನ್ನೆಯ ಮಹಿಮೆ ಬಲ್ಲ ನಮಗೆ ಇದು ಒಪ್ಪತಕ್ಕ ಮಾತೇ. ತೊಡಕೆಂದರೆ ಒಬ್ಬೊಬ್ಬರ ಸೊನ್ನೆ ಒಂದೊಂದು ಗಾತ್ರ. ಡ್ಯಾನ್‌ವಿಲ್ ದಾರದ 6/0 ತೂಗುವುದು 70 ಡೆನಿಯರ್. ಯೂನಿ ದಾರದ 8/0 ತೂಗುವುದು 72. ಎರಡು ಸೊನ್ನೆ ಹೆಚ್ಚಾದರೂ ದಾರ ತೆಳುವಾಗಲಿಲ್ಲ. ಡೆನಿಯರ್ ಎಂದರೆ 9000 ಮೀಟರ್ ದಾರದ ತೂಕ, ಗ್ರಾಮಿನಲ್ಲಿ. ಅಷ್ಟುದ್ದ ಅಳೆದು ತೂಗಿ ಪರೀಕ್ಷಿಸುವ ಜಿಜ್ಞಾಸುಗಳಿಗೆ ಈ ಗ್ರಂಥಕಾರನ ನಮಸ್ಕಾರಗಳು.

ಇಷ್ಟೆಲ್ಲ ಆದಮೇಲೆ ಹೇಳಬೇಕಾದ್ದೇನೆಂದರೆ, ಈ ಶಾಸ್ತ್ರಕ್ಕೆ ಇರುವುದು ಒಂದೇ ಸೂತ್ರ: ದಾರ ಕಡಿಯುವ ಮುನ್ನ ರೀಲು ತಿರುಗಬೇಕು. ಮಿಕ್ಕಿದ್ದೆಲ್ಲ ಭಾಷ್ಯ. ಬಾಬಿನ್ನನ್ನು ದಾರಕ್ಕೆ ಜೋತುಬಿಟ್ಟಾಗ ಅದು ತನ್ನ ಭಾರಕ್ಕೆ ತಾನೇ ಕೆಳಗಿಳಿಯಬಾರದು. ಹದವಾಗಿ ಎಳೆದರೆ ದಾರ ಸರಾಗವಾಗಿ ಬರಬೇಕು. ಬಿಗಿ ಹೆಚ್ಚಾಗಿದ್ದರೆ ರೀಲು ತೆಗೆದು ಎರಡು ಕಾಲನ್ನೂ ತುಸು ಹಿಗ್ಗಲಿಸುವುದು. ಬಿಗಿ ಸಾಲದಿದ್ದರೆ ಒಳಕ್ಕೆ ಬಾಗಿಸುವುದು, ಇಲ್ಲವೇ ದಾರವನ್ನು ಕೊಳವೆಗೆ ಪೋಣಿಸುವ ಮೊದಲು ಒಂದು ಕಾಲಿಗೆ ಒಂದು ಸುತ್ತು ಹಾಕಿಕೊಳ್ಳುವುದು. ಮಾಣಿಕ್ಯಕ್ಕೆ ದುಡ್ಡು ಸುರಿದವರಲ್ಲಿ ಎಷ್ಟೋ ಮಂದಿಗೆ ನಿಜವಾಗಿ ಬೇಕಾಗಿದ್ದದ್ದು ಕಾಲು ಹಿಗ್ಗಲಿಸುವ ಈ ಅರ್ಧ ನಿಮಿಷದ ಕೆಲಸ ಎಂಬುದು ನನ್ನ ಸಿದ್ಧಾಂತ.

ಸೂತ್ರ ಮೀರಿದವರ ಗತಿಯನ್ನು ನೋಡಬೇಕಾದರೆ ಜಿಂಕೆಯ ಕೂದಲು ಕಟ್ಟುವಾಗ ನೋಡಬೇಕು. ಪೆನ್ಸಿಲ್ ದಪ್ಪದ ಕುಚ್ಚನ್ನು ಕೊಕ್ಕೆಯ ಮೇಲಿಟ್ಟು ಎರಡು ಸಡಿಲ ಸುತ್ತು ಹಾಕಿ, ಮೂರನೆಯದನ್ನು ಎಳೆದಾಗ, ಒಳಗೆ ಪೊಳ್ಳಾದ ಆ ಕೂದಲು ಕೊಕ್ಕೆಯ ಸುತ್ತ ತಿರುಗುತ್ತ ಅರಳಿ ನಿಲ್ಲಬೇಕು. ರೀಲು ಮೊಂಡು ಹಿಡಿದಿದೆ. ಕಟ್ಟುವವರೂ ಮೊಂಡು ಹಿಡಿದು ಎಳೆಯುತ್ತಾರೆ. ಠಪ್! ಕೂದಲು ಮೇಜಿನ ಮೇಲೆ, ಅಂಗಿಯ ಮೇಲೆ, ಅರ್ಧ ಕುಡಿದಿಟ್ಟ ಕಾಫಿಯ ಕೆನೆಯ ಮೇಲೆ. ಬೆಚ್ಚಿದ ಕೈಯಿಂದ ಜಾರಿದ ಬಾಬಿನ್ ನೆಲಕ್ಕೆ. ಕಟ್ಟುವವರು ಪಿಂಗಾಣಿವಾದಿಯಾಗಿದ್ದರೆ ಇದು ಎರಡನೆಯ ಶೋಕ.

ಒಬ್ಬರಿಗೆ ಎಷ್ಟು ಬಾಬಿನ್ ಎಂಬುದು ಕೊನೆಯ ವಿವಾದ. ಏಕಬಾಬಿನ್ ಪಕ್ಷದವರು ಒಂದರಲ್ಲೇ ರೀಲು ಬದಲಿಸುತ್ತ ಬಾಳುತ್ತಾರೆ. ಬಹುಬಾಬಿನ್ ಪಕ್ಷದವರು ಕಪ್ಪಿಗೊಂದು, ಕಂದಿಗೊಂದು, ಹಳದಿಗೊಂದು, ಹಳದಿಯಲ್ಲೇ ತುಸು ಮಾಸಿದ ಹಳದಿಗೊಂದು ಎಂದು ಸಾಲಾಗಿ ತೂಗುಹಾಕಿರುತ್ತಾರೆ. ಮೀನಿನ ಅಭಿಪ್ರಾಯ ಲಭ್ಯವಿಲ್ಲ.

ದುಡ್ಡಿನ ಮಾತು ಬಂದಾಗ ಬಹುಬಾಬಿನ್ ಪಕ್ಷದವರು ಮುಂದಿಡುವ ಕಾರಣ ಒಂದೇ: ಪೋಣಿಸುವ ಕಷ್ಟ. ಕೆಲಸ ಮುಗಿಸಿ ದಾರ ಕತ್ತರಿಸುವಾಗ ಕೊಳವೆಯ ಹೊರಗೆ ನಾಲ್ಕಾರು ಅಂಗುಲ ಉಳಿಸಬೇಕೆಂದು ವಿಧಿ. ಮರೆತರೆ ತುದಿ ಕೊಳವೆಯೊಳಗೆ ಸರಿದುಹೋಗುತ್ತದೆ, ಅಲ್ಲಿ ಕಟ್ಟಿಕೊಂಡಿರುವ ಮೇಣಕ್ಕೆ ಅಂಟಿ ಕೂರುತ್ತದೆ. ಅದನ್ನು ಎಳೆದು ತೆಗೆಯಲು ತಂತಿಯ ಕುಣಿಕೆಯೊಂದು ಉಂಟು. ಬೇಕಾದ ಹೊತ್ತಿಗೆ ಅದು ಸಿಗುವುದಿಲ್ಲ. ಆಗ ದಾರದ ತುದಿಯನ್ನು ಕೊಳವೆಯ ಬುಡಕ್ಕೆ ತುಸು ತೂರಿಸಿ, ಇನ್ನೊಂದು ತುದಿಗೆ ಬಾಯಿಟ್ಟು ಜೋರಾಗಿ ಉಸಿರೆಳೆಯುವುದು ಒಂದು ಮಾರ್ಗ. ಮೇಣ, ಅಂಟು, ಬಣ್ಣದ ಪುಡಿ ಎಲ್ಲ ಗಂಟಲಿಗೆ ಹೋಗುವುದರಿಂದ ಶಿಷ್ಟರು ಇದನ್ನು ಒಪ್ಪುವುದಿಲ್ಲ. ಮೂರೂ ಮತದ ಆಚಾರ್ಯರು ಸಭೆಯಲ್ಲಿ ಒಕ್ಕೊರಲಿನಿಂದ ಖಂಡಿಸಿದ್ದಾರೆ. ಬಾಗಿಲು ಹಾಕಿಕೊಂಡು ಕೂತಾಗ ಮೂವರ ಕೋಣೆಯಿಂದಲೂ ಬರುವ ‘ಸೊರ್’ ಸದ್ದು ಮಾತ್ರ ಒಂದೇ. ಈ ಗ್ರಂಥಕಾರನ ಖಂಡನೆಯೂ ಸಿದ್ಧವಾಗಿದೆ. ಕುಣಿಕೆ ಸಿಕ್ಕ ಕೂಡಲೇ ಪ್ರಕಟಿಸಲಾಗುವುದು.