ಆಕ್ಸಿಜನ್ ಎಂಬತ್ನಾಲ್ಕು, ಮೀಸೆ ಅರ್ಧ

ನಿವೃತ್ತಿಯಾಗುವತನಕ ರೋಣ ತಾಲ್ಲೂಕಿನ ಶಾಲೆಗಳಲ್ಲಿ ಕಾಪಿ ಹೊಡೆಯುವ ಹುಡುಗರನ್ನು ಹಿಡಿಯುವುದರಲ್ಲಿ ನನ್ನದು ದೊಡ್ಡ ಹೆಸರು. ಚಪ್ಪಲಿಯೊಳಗಿನ ಚೀಟಿ, ತೊಡೆಯ ಮೇಲಿನ ಸೂತ್ರ, ಯಾವುದೂ ನನ್ನ ಕಣ್ಣು ತಪ್ಪಿಸುತ್ತಿರಲಿಲ್ಲ. ಅಂಥ ನನ್ನ ಮೇಲೆ ಕಣ್ಣಿಡಲು ಹುಬ್ಬಳ್ಳಿಯ ಒಂದು ಆಸ್ಪತ್ರೆಯವರು ಕೈಗೊಂದು ಪಟ್ಟಿ, ಬೆರಳಿಗೊಂದು ಆಕ್ಸಿಮೀಟರ್ ಕೊಟ್ಟು ಕಳಿಸಿದರು.

ಹರ್ನಿಯಾ ಆಪರೇಷನ್. ಹೊಟ್ಟೆಯ ಗೋಡೆ ಸಡಿಲಾದಲ್ಲಿ ಜಾಳಿಗೆ ಕೂರಿಸಿ ಹೊಲಿದಿದ್ದರು. ತುಂಬಿದ ಕೊಡ ಎತ್ತಬಾರದು, ಕೆಮ್ಮು ಬಂದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿಯಬೇಕು, ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು. ಹೆಂಡತಿ ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದರಿಂದ ನಾನು ಗಜೇಂದ್ರಗಡದ ತಂಗಿಯ ಮನೆ ಸೇರಿದೆ. ಅಲ್ಲಿಂದ ಹುಬ್ಬಳ್ಳಿ ನೂರು ಕಿಲೋಮೀಟರಿಗೂ ದೂರ. ಆದರೂ ನಾಡಿ, ಆಕ್ಸಿಜನ್, ಹೆಜ್ಜೆಗಳ ಲೆಕ್ಕ ಮೊಬೈಲಿನಿಂದ ನೇರ ಸಿಸ್ಟರ್ ಮೇಜಿಗೆ ಹೋಗುತ್ತಿತ್ತು. ಹಿಂದೆ ಚಾಮರಾಜನಗರದ ರೋಗಿಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದ ಡಾಕ್ಟರು ಕೂತಲ್ಲೇ ನೋಡಬೇಕಾದರೆ ಇಸ್ರೋದ ಉಪಗ್ರಹವೇ ಬೇಕಾಗಿತ್ತು. ನನಗೆ ಸೋದರಳಿಯನ ಮೊಬೈಲು ಸಾಕಾಯಿತು.

ತೊಂದರೆ ಇದ್ದದ್ದು ಆ ಹೆಜ್ಜೆಗಳಲ್ಲಿ. ನನ್ನ ಲೆಕ್ಕ ಮುನ್ನೂರು ದಾಟುತ್ತಿರಲಿಲ್ಲ. ಎಲ್ಲೇ ಅಂಕಿ ಕಂಡರೂ ನನಗದು ಮಾರ್ಕ್ಸು. ಮುನ್ನೂರು ನೋಡಿ ಫೇಲಾದಂತೆನಿಸಿತು. ಅಳಿಯ ಕೈಮಗ್ಗದವನು. ಪಡಸಾಲೆಯಲ್ಲಿ ಮಲಗಿ ನೋಡುತ್ತೇನೆ: ಅವನು ಹಗ್ಗ ಎಳೆದಂತೆಲ್ಲ ಲಾಳಿ ಅತ್ತಿಂದಿತ್ತ ಓಡುತ್ತದೆ, ಕೈ ಬಿಡುವಿಲ್ಲದೆ ಆಡುತ್ತದೆ. ಮಣಿಕಟ್ಟಿನ ಪಟ್ಟಿಗೆ ಕಾಲಿನ ಸುದ್ದಿ ಎಲ್ಲಿ ಗೊತ್ತು? ಕೈ ಬೀಸಿದ್ದನ್ನೇ ಅದು ಹೆಜ್ಜೆ ಎಂದು ಎಣಿಸುವುದು.

“ತಮ್ಮಾ, ಇದನ್ನೊಂದೀಟು ಕಟಗೊಂಡು ನೇಯಪಾ.”

“ಯಾಕ್ ಮಾಮಾ?”

“ಚಾರ್ಜ್ ಆಗತೈತಿ.”

ಮರುದಿನ ಸಿಸ್ಟರ್ ಫೋನು. “ಸರ್ರ, ಎಲ್ಲಿಗ್ ಹೋಗಿದ್ರಿ? ಹದಿನಾಲ್ಕು ಸಾವಿರ ಹೆಜ್ಜಿ ತೋರಸಾಕತ್ತೈತಿ.”

ಶಭಾಸ್ ಎನ್ನುತ್ತಾಳೆಂದು ಕಾದಿದ್ದವನಿಗೆ ಗಾಬರಿಯಾಗಿ ಬಾಯಿಗೆ ಬಂದ ದೇವರ ಹೆಸರು ಹೇಳಿದೆ: “ಕಾಲಕಾಲೇಶ್ವರನ ಗುಡಿಗೆ ಹೋಗಿದ್ನಿರೀ.”

“ಗುಡ್ಡಾ ಏರಿದ್ರಾ? ಹೊಲಿಗಿ ಬಿಚ್ಚತಾವ್ರೀ!”

ಎರಡು ದಿನ ಹಾಸಿಗೆ ಬಿಟ್ಟು ಏಳಬಾರದೆಂದು ಅಪ್ಪಣೆಯಾಯಿತು. ಅಷ್ಟೇ ಅಲ್ಲ, ಡಾಕ್ಟರು ವಿಡಿಯೋ ಕಾಲ್‌ನಲ್ಲಿ ಗಾಯ ನೋಡುತ್ತಾರಂತೆ. ಗಾಯ ಇದ್ದದ್ದು ತೊಡೆಸಂದಿಯಲ್ಲಿ. ನಾನು ಸಜ್ಜು ಮಾಡಲು ಹೊರಟದ್ದು ಮೀಸೆಯನ್ನು. ಪ್ಯಾಕೆಟ್ಟಿನ ಕರಿಬಣ್ಣ ಬಟ್ಟಲಲ್ಲಿ ಕಲಸಿದೆ. ಜೊತೆಗೆ ಬಂದ ಕೈಗವಸನ್ನು ತಂಗಿ ಉಪ್ಪಿನಕಾಯಿ ಕಲಸಲು ಬರುತ್ತದೆಂದು ಎತ್ತಿಟ್ಟಿದ್ದಳು. ಬರಿಗೈಯಲ್ಲೇ ಬಲಗಡೆ ಮುಗಿಸುವಷ್ಟರಲ್ಲಿ ಫೋನು ಬಂತು.

“ಮೊದ್ಲ ಆಕ್ಸಿಜನ್ ನೋಡ್ರಿ ಸರ.”

ಎಂಬತ್ನಾಲ್ಕು. ಬೆರಳು ಬದಲಿಸಿದೆ, ಎಂಬತ್ಮೂರು.

ಆಕ್ಸಿಮೀಟರ್ ಬೆರಳೊಳಗೆ ಕೆಂಪು ಬೆಳಕು, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಎರಡನ್ನೂ ಬಿಟ್ಟು, ರಕ್ತ ಯಾವುದನ್ನು ಎಷ್ಟು ಹೀರಿತೆಂದು ಲೆಕ್ಕ ಹಾಕುತ್ತದೆ. ಜಪಾನಿನ ತಕುವೊ ಅಒಯಾಗಿ 1970ರ ದಶಕದಲ್ಲಿ ಈ ಉಪಾಯ ಹುಡುಕಿದಾಗ, ಬೆಳಕಿನ ದಾರಿಗೆ ಮೀಸೆಬಣ್ಣ ಅಡ್ಡ ಬರುತ್ತದೆಂದು ಎಣಿಸಿರಲಿಕ್ಕಿಲ್ಲ. ಕೊರೊನಾ ಕಾಲದಲ್ಲಿ ಮನೆಮನೆಗೂ ಈ ಯಂತ್ರ ಬಂದಾಗ ಉಗುರಿನ ಬಣ್ಣ ತೆಗೆದು ಹಾಕಿಕೊಳ್ಳಿರೆಂದು ಓಣಿಯ ಹೆಣ್ಣುಮಕ್ಕಳಿಗೆ ಪಾಠ ಹೇಳಿದವನು ನಾನೇ.

“ಬೆರಳು ಕ್ಯಾಮೆರಾಕ್ಕ ಹಿಡೀರಿ,” ಎಂದಳು ಸಿಸ್ಟರ್. ಹಿಡಿದೆ. ಉಗುರು ಕಪ್ಪುನೀಲಿ. ಆಕ್ಸಿಜನ್ ಇಳಿದಿದೆ, ಉಗುರು ನೀಲಿಯಾಗಿದೆ: ಅವಳು ಓದಿದ ಪುಸ್ತಕದಲ್ಲಿ ಇದಕ್ಕೆ ಇದ್ದದ್ದು ಒಂದೇ ಅರ್ಥ. 108ಕ್ಕೆ ಫೋನ್ ಹೋಯಿತು.

ಗಾಡಿಗಿಂತ ಮೊದಲು ಓಣಿ ಬಂತು. “ಗುಡ್ಡಾ ಏರಿದ್ರಂತ, ಅದಕ್ಕ ಉಸರು ಹತ್ತೈತಿ,” ಎಂದಳು ಪಕ್ಕದ ಮನೆಯ ಅಜ್ಜಿ. ತಂಗಿ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ನರಗುಂದದ ಬೀಗರಿಗೆ ಯಾರೋ ಸುದ್ದಿ ಮುಟ್ಟಿಸಿ, ಅವರು ಬಸ್ಸು ಹತ್ತಿಯೂ ಆಗಿತ್ತು. ಅಳಿಯ ಮಗ್ಗ ಬಿಟ್ಟು ಎದ್ದು ಬಂದ. “ಮಾಮಾ ಎಲ್ಲೆ ಏರ್ಯಾನಬೇ, ಏರಿದ್ದು ನನ್ನ ಕೈ,” ಎಂದು ಎಲ್ಲರೆದುರು ಮಣಿಕಟ್ಟಿನ ಪಟ್ಟಿ ಎತ್ತಿ ತೋರಿಸಿದ. ಕಾಪಿ ಹೊಡೆದವನನ್ನು ಹೆಡ್‌ಮಾಸ್ತರರ ಮುಂದೆ ನಿಲ್ಲಿಸುವಾಗ ಅವನ ಮುಖ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಈ ಸಲ ಕನ್ನಡಿ ಬೇಕಾಗಲಿಲ್ಲ.

108ರ ಹುಡುಗ ಬಂದವನೇ ನನ್ನ ಉಗುರು ನೋಡಿದ, ಬಟ್ಟಲು ನೋಡಿದ, ಮೀಸೆ ನೋಡಿದ. ಒಂದು ಮಾತೂ ಆಡದೆ ಯಂತ್ರವನ್ನು ಕಾಲ್ಬೆರಳಿಗೆ ಹಾಕಿದ. ತೊಂಬತ್ತೆಂಟು.

ಈಗ ಸಿಸ್ಟರ್ ಬೆಳಿಗ್ಗೆ ಕೇಳುವ ಪ್ರಶ್ನೆಗಳಿಗೆ ಇನ್ನೊಂದು ಸೇರಿದೆ. “ಜ್ವರ ಐತೇನ್ರಿ? ನೋವ್ ಐತೇನ್ರಿ? ಬಣ್ಣ ಹಚ್ಚೀರೇನ್ರಿ?”

“ಇಲ್ರೀ,” ಎನ್ನುತ್ತೇನೆ. “ಎಡಗಡೆ ಮೀಸಿ ಇನ್ನೂ ಬಾಕಿ ಐತ್ರಿ.”